ಭಾವ ಪರೀಕ್ಷಿಸಿದ ಪೆಟ್ರೋಲು

ಎಂಜಿನ್ ಕೆಮ್ಮಿದರೆ ಯಾವ ನಟ್ಟಿಗೆ ನೆಗಡಿಯಾಗಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ ಮೆಕ್ಯಾನಿಕ್ ಈ ಭೂಮಂಡಲದಲ್ಲಿ ಒಬ್ಬನೇ, ಅದು ನಾನು. ಅಂಥ ನನ್ನ ಲೈಸೆನ್ಸ್ ಕಿತ್ತುಕೊಳ್ಳಿ ಎಂದು ದೂರು ಬರೆದವರು ಅಕ್ಕನ ಗಂಡ! ನನ್ನ ರಕ್ತ ಈಗಲೂ ಹೇಗೆ ಕುದಿಯುತ್ತಿದೆ ಎಂದರೆ, ಊರಿಗೆಲ್ಲ ಸ್ನಾನಕ್ಕೆ ಬಿಸಿನೀರು ಕಾಯಿಸಬಹುದು. ಆದರೂ ಬೈಯುವುದು ಬಹುವಚನದಲ್ಲೇ. ಭಾವ ನೋಡಿ.

ಅವರದು ನಾಲ್ಕು ಸೀಟಿನ ಸ್ವಂತ ವಿಮಾನ, ಅದರ ರಿಪೇರಿ ನನ್ನದು. ಶನಿವಾರ ತಾವೇ ಪೆಟ್ರೋಲು ತುಂಬಿದರು, ಮುಚ್ಚಳವನ್ನು ಅರ್ಧ ತಿರುಗಿಸಿ ಹೋದರು, ಮಳೆ ಹುಯ್ಯಿತು. ಭಾನುವಾರ ಅಕ್ಕನನ್ನು ಕೂರಿಸಿಕೊಂಡು ಹಾರಿದರು. ಮರ ದಾಟುವಷ್ಟರಲ್ಲಿ ಎಂಜಿನ್ ಎರಡು ಸಲ ಗೊರಕೆ ಹೊಡೆದು ನಿಂತೇ ಹೋಯಿತು. ಎದುರಿನ ಜೋಳದ ಹೊಲಕ್ಕೆ ಇಳಿಸಿದರು. ಹತ್ತು ಲಕ್ಷ ತೆನೆ ನೆಲ ಕಚ್ಚಿದವು, ಅಕ್ಕನ ಕೈ ಮುರಿಯಿತು. ತೆನೆಯ ಲೆಕ್ಕ ಸ್ವಲ್ಪ ಜಾಸ್ತಿಯಾಯಿತೇನೋ, ಕೈಯದು ನಿಜ.

ಮುರಿದ ವಿಮಾನವನ್ನು ನಮ್ಮ ಷೆಡ್ಡಿಗೆ ತಂದರು. ತನಿಖಾಧಿಕಾರಿ ಬಂದರು.

"ಹಾರೋ ಮುಂಚೆ ಪೆಟ್ರೋಲು ನೋಡಿದ್ರಾ?"

"ನೋಡ್ದೆ ಇರ್ತೀನಾ ಸಾರ್? ತೋರಿಸ್ತೀನಿ ಬನ್ನಿ," ಎಂದು ಭಾವ ರೆಕ್ಕೆಯಡಿ ಬಗ್ಗಿದರು. ಟ್ಯಾಂಕಿನ ತಳದಿಂದ ಒಂದು ಲೋಟ ಬಸಿದು ನೋಡುವುದು ಪದ್ಧತಿ. ನೀರು ಬೆರೆತಿದ್ದರೆ ಕೆಳಗೆ ನಿಲ್ಲುತ್ತದೆ, ನಡುವೆ ಗೆರೆ ಕಾಣುತ್ತದೆ. ಭಾವ ಕಪ್ಪು ಕನ್ನಡಕದಲ್ಲೇ ಲೋಟ ಎತ್ತಿ ಹಿಡಿದರು. "ಗೆರೆ ಇಲ್ಲ, ಕಸ ಇಲ್ಲ. ಅವತ್ತೂ ಹೀಗೇ ಇತ್ತು. ತಪ್ಪೆಲ್ಲ ಇವನ ರಿಪೇರೀದು."

"ಕನ್ನಡಕ ತೆಗೀರಿ, ಮಹಾನುಭಾವರೇ! ವಿಮಾನದ ಪೆಟ್ರೋಲು ನೀಲಿ ಇರುತ್ತೆ. ಇದೆಲ್ಲಿದೆ ನೀಲಿ?" ಎಂದೆ.

"ಯಾಕೋ, ಹೊಟ್ಟೆಕಿಚ್ಚಾ?"

ಲೋಟ ಕಸಿದುಕೊಂಡು, ಸೋಪು ಹಚ್ಚಿ, ಅಧಿಕಾರಿಯ ಎದುರೇ ಅದರಲ್ಲಿ ಕೈ ತೊಳೆದೆ. ಹಿಮಾಲಯದಷ್ಟು ನೊರೆ ಬಂತು. ಲೋಟದ ತುಂಬ ನೀರೇ ಇದ್ದರೆ ಗೆರೆ ಎಲ್ಲಿಂದ ಬರಬೇಕು?

ಅಧಿಕಾರಿ ನಗಲಿಲ್ಲ. "ಇಬ್ಬರೂ ಹೇಳಿಕೆ ಬರೆದುಕೊಡಿ," ಎಂದು ಕಾಗದ ಕೊಟ್ಟರು.

ಭಾವ ನನ್ನನ್ನು ಮೂಲೆಗೆ ಎಳೆದರು. "ಮುಚ್ಚಳದ ರಬ್ಬರು ಸವೆದಿತ್ತು, ಬದಲಾಯಿಸೋಕೆ ಮರೆತೆ ಅಂತ ಬರೆದುಬಿಡೋ. ನನ್ನ ಲೈಸೆನ್ಸ್ ಉಳಿಯುತ್ತೆ. ಮನೆ ವಿಷಯ ಮನೇಲೇ ಇರಲಿ."

"ನನ್ನ ಲೈಸೆನ್ಸು?"

"ನಿನಗೇನೋ, ಸ್ಕೂಟರ್ ರಿಪೇರಿ ಮಾಡ್ಕೊಂಡಾದ್ರೂ ಬದುಕ್ತೀಯ."

ನನ್ನ ಹಲ್ಲು ಕಡಿದ ಸದ್ದಿಗೆ ಷೆಡ್ಡಿನ ತಗಡು ನಡುಗಿತು. ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಬರೀಬೇಡ್ವೋ," ಎಂದಳು. "ಇವರ ಲೈಸೆನ್ಸ್ ಉಳಿದ್ರೆ ನಾಳೆ ಇನ್ಯಾರನ್ನೋ ಕೂರಿಸ್ಕೊಂಡು ಹೋಗ್ತಾರೆ."

"ಏನೇ, ಗಂಡನ ವಿರುದ್ಧಾನೇ?"

"ಹೊಲದಲ್ಲಿ ನಾನು ಕೂಗ್ತಾ ಬಿದ್ದಿದ್ದಾಗ ನೀವು ಮೊದಲು ಮುಟ್ಟಿ ನೋಡಿದ್ದು ರೆಕ್ಕೇನ ಕಣ್ರೀ."

ನಾನು ಕೂತು, ಇದ್ದದ್ದನ್ನು ಇದ್ದ ಹಾಗೆ ಬರೆದು, ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದೆ.