ರೆಕ್ಕೆಯ ಮೇಲಿನ ಬೊಟ್ಟು

ಗುವಾನ್ ತಾತನ ಮನೆಯಲ್ಲಿ ಮೂಗ ಹುಳಕ್ಕೆ ಜಾಗವಿರಲಿಲ್ಲ. ಹಾಡುವ ಜೀರುಂಡೆಗೆ ಸೋರೆಬುರುಡೆಯ ಮನೆ, ನುಣ್ಣಗೆ ತಟ್ಟಿದ ಮಣ್ಣಿನ ಹಾಸು, ಎಲೆಕೋಸಿನ ಎಳೆಕುಡಿ, ತಾತನ ಎದೆಯ ಬಿಸಿ. ಹಾಡದಿದ್ದರೆ ಸೂರಿನಡಿ ತೂಗುವ ಪಂಜರದ ಹಕ್ಕಿಯ ಕೊಕ್ಕು. ಬೀಜಿಂಗಿನ ಆ ಹಳೆಯ ಓಣಿಗಳಲ್ಲಿ ಚಳಿಗಾಲಕ್ಕೆ ಹುಳ ಸಾಕುವವರೆಲ್ಲ ಹೀಗೇ ನಡೆದುಕೊಂಡು ಬಂದವರು. ಅದರಲ್ಲಿ ಕಟುಕತನವಿದೆಯೆಂದು ಯಾರಿಗೂ ಅನ್ನಿಸಿರಲಿಲ್ಲ.

ಚಾಂದ್ರಮಾನದ ಹನ್ನೆರಡನೇ ತಿಂಗಳ ಎಂಟನೇ ದಿನದಿಂದ ಮೊಮ್ಮಗಳು ಯುಟಾಂಗ್‌ಗೆ ಎರಡು ದಿನ ರಜೆ. ಪುಸ್ತಕದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕ ಮೇಲೆ ಅವಳು ತಾತನ ಜೊತೆಯೇ ಇದ್ದಳು. ಹೊಸವರ್ಷಕ್ಕೆಂದು ವಿನೆಗರಿನಲ್ಲಿ ಹಾಕಿಡುವ ಬೆಳ್ಳುಳ್ಳಿ ಸುಲಿಯುತ್ತ ಕಿಟಕಿಯ ಬಳಿ ಕೂತಿದ್ದಾಗ ತಾತ ಅಂಗಳದ ಬಿಸಿಲಿನಿಂದ ಒಳಗೆ ಬಂದರು. ಹತ್ತಿ ತುಂಬಿದ ಕೋಟಿನ ಗುಂಡಿ ಬಿಚ್ಚಿ, ಎದೆಯಿಂದ ಬುರುಡೆಯನ್ನು ಹೊರಗೆ ತೆಗೆದರು. ಮೂರು ತಲೆಮಾರಿನ ಕೈ ಸವರಿ ಸವರಿ ಹುಣಿಸೆಹಣ್ಣಿನ ಬಣ್ಣಕ್ಕೆ ತಿರುಗಿದ್ದ ಬುರುಡೆ.

"ಇದೂ ಮೂಗ," ಎಂದರು. "ಈ ಸಲ ತಂದ ಮೂರೂ ಮೂಗ. ಆ ಹುಳ ಮಾರೋ ಲಿಯು ಮನೆಯವರು ಕೆಟ್ಟುಹೋದರು ಕಣಮ್ಮ. ಅವರಪ್ಪ ಇದ್ದಾಗ ಮೊಟ್ಟೆ ಇಟ್ಟ ಮಡಕೆಗಳನ್ನ ಬಿಸಿಹಾಸಿನ ಮೇಲಿಟ್ಟು, ಬಾಣಂತೀನ ನೋಡ್ಕೊಂಡ ಹಾಗೆ ನೋಡ್ಕೊಳ್ತಿದ್ದ. ಮಕ್ಕಳಿಗೆ ಎಲ್ಲಿದೆ ಅಷ್ಟು ತಾಳ್ಮೆ."

ಯುಟಾಂಗ್ ಸುಲಿಯುತ್ತಿದ್ದ ಎಸಳನ್ನು ಕೈಯಲ್ಲೇ ಹಿಡಿದು ಕೂತಳು. ತಾತನ ಅಂಗೈಯಲ್ಲಿದ್ದ ಬುರುಡೆ ಹಾಡುತ್ತಿತ್ತು.

ಅಷ್ಟಿಷ್ಟಲ್ಲ, ಮನೆ ತುಂಬುವಂತೆ ಹಾಡುತ್ತಿತ್ತು. ಬೆಳ್ಳಿಯ ತಂತಿಯನ್ನು ಯಾರೋ ನಿಧಾನವಾಗಿ ಎಳೆದು ಎಳೆದು ಬಿಡುವಂಥ ದನಿ. ತಾತ ತಮಾಷೆ ಮಾಡುತ್ತಿದ್ದಾರೇನೋ ಎಂದು ಅವರ ಮುಖ ನೋಡಿದಳು. ಅಲ್ಲಿ ಬರೀ ಬೇಸರವಿತ್ತು. ಅವರ ಬೆನ್ನ ಹಿಂದೆ, ಮೊಳದೂರದ ಒಲೆಯ ಮೇಲೆ, ಕೆಟಲು ಕೂಗಿ ಕೂಗಿ ನೀರೆಲ್ಲ ಉಕ್ಕುತ್ತಿತ್ತು. ತಾತ ತಿರುಗಿ ಕೂಡ ನೋಡಲಿಲ್ಲ.

ಆಗ ಅವಳಿಗೆ ಅರ್ಥವಾಯಿತು. ಮಾತು ಕೇಳುತ್ತದೆ ತಾತನಿಗೆ. ಅಮ್ಮನೇ ಎರಡೆರಡು ಸಲ "ಏನಂದೆ?" ಎನ್ನಬೇಕಾಗುವ ಅವಳ ಮೆಲುದನಿಯೂ ಕೇಳುತ್ತದೆ. ಗೋಡೆಯಾಚೆ ಯಾರು ಕೆಮ್ಮಿದರೆಂದು ಹೆಸರು ಹೇಳುತ್ತಾರೆ. ಅವರ ಕಿವಿಯಿಂದ ಉದುರಿಹೋದದ್ದು ಸೂಜಿಯಂಥ ಎಳೆಯ ಸದ್ದುಗಳು ಮಾತ್ರ. ಉದುರಿದ್ದು ಅವರಿಗೇ ಗೊತ್ತಿಲ್ಲ. ಹಾಡು ನಿಂತಿತೆಂದುಕೊಂಡಿದ್ದಾರೆ.

ತಾತ ಪಂಜರದತ್ತ ಹೊರಟರು. ಬಿಳಿ ಹುಬ್ಬಿನ ಆ ಹಾಡುಹಕ್ಕಿ ಆಗಲೇ ಕಂಬಿಯ ಬಳಿ ಬಂದು ಕತ್ತು ಕೊಂಕಿಸಿತ್ತು. ಕೇಳಿದ್ದನ್ನೆಲ್ಲ ಕದಿಯುವ ಹಕ್ಕಿ ಅದು. ಪಕ್ಕದ ಮನೆಯ ಬೆಕ್ಕು, ಸೈಕಲ್ಲಿನ ಗಂಟೆ, ಎಲ್ಲವೂ ಅದರ ಗಂಟಲಲ್ಲಿದ್ದವು. ಈಚೆಗೆ ಎಲ್ಲಿಂದಲೋ ಒಂದು ಸಣ್ಣ ದನಿಯ ಎಳೆಯನ್ನೂ ಕಲಿತಿತ್ತು.

"ತಾತ," ಎಂದಳು ಯುಟಾಂಗ್. "ಅದು ನನಗಿರಲಿ."

"ಮೂಗನ್ನ ಇಟ್ಕೊಂಡು ಏನು ಮಾಡ್ತೀಯ?"

"ನಾನೂ ಮಾತಾಡಲ್ಲವಲ್ಲ. ಜೋಡಿಯಾಗುತ್ತೆ."

ತಾತ ನಕ್ಕುಬಿಟ್ಟರು. "ತಗೋ. ಬುರುಡೆ ಮಾತ್ರ ಹಬ್ಬದೊಳಗೆ ವಾಪಸ್ ಕೊಡು. ಎಲ್ಲ ಬುರುಡೆಗಳನ್ನೂ ಆ ತೊಂಗ್‌ಗೆ ಕೊಟ್ಟುಬಿಡ್ತೀನಿ. ಹಾಡಿಲ್ಲದ ಚಳಿಗಾಲಕ್ಕೆ ಬುರುಡೆ ಯಾತಕ್ಕೆ? ಇನ್ನು ಈ ಉಸಾಬರಿ ಸಾಕು."

ಹಗುರವಾಗಿಯೇ ಹೇಳಿದರು. ಆದರೆ ಖಾಲಿಯಾದ ಎದೆಯ ಮೇಲೆ ಕೋಟಿನ ಗುಂಡಿ ಹಾಕಿಕೊಳ್ಳುವಾಗ ಬುರುಡೆಯಿದ್ದ ಜಾಗವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಅಜ್ಜಿ ತೀರಿಹೋದ ಚಳಿಗಾಲದಲ್ಲೂ ಆ ಎದೆಯಲ್ಲಿ ಒಂದು ಹುಳ ಹಾಡುತ್ತಿತ್ತು. ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಅದೇ, ಬಿಸಿಲಿಗೆ ಕರೆದೊಯ್ಯುತ್ತಿದ್ದದ್ದೂ ಅದೇ. ಅದಿಲ್ಲದೆ ತಾತ ಆ ಮಂಚ ಬಿಟ್ಟು ಯಾತಕ್ಕೆ ಏಳುತ್ತಾರೆ? ನಿಮಗೆ ಕಿವಿ ಕೇಳುತ್ತಿಲ್ಲವೆಂದು ಹೇಳಲು ಯುಟಾಂಗ್ ಬಾಯಿ ತೆರೆದಳು. ಹೇಳಿ ಆಮೇಲೆ ಏನು ಕೊಡುವುದು ಎಂದು ತೋಚದೆ ಮುಚ್ಚಿದಳು.

ಆದರೆ ಒಂದು ವಿಷಯ ಅವಳಿಗೆ ಗೊತ್ತಿತ್ತು. ಆ ಓಣಿಯ ಮಕ್ಕಳಿಗೆಲ್ಲ ಗೊತ್ತಿದ್ದದ್ದೇ. ಕೆಲವರು ಹುಳದ ರೆಕ್ಕೆಗೆ ಬೊಟ್ಟಿಡುತ್ತಾರೆ. ಪೈನ್ ಮರದ ಅಂಟು, ಮೇಣ, ಕುಂಕುಮದಂಥ ಕೆಂಪು ಪುಡಿ ಕರಗಿಸಿ, ಸಾಸಿವೆಗಿಂತ ಸಣ್ಣದೊಂದು ಚುಕ್ಕಿ. ರೆಕ್ಕೆಗೆ ಆ ಭಾರ ಬಿದ್ದರೆ ದನಿ ಇಳಿಯುತ್ತದೆ, ಮಂದ್ರವಾಗುತ್ತದೆ. ಗುವಾನ್ ತಾತನಿಗೆ ಅದೆಂದರೆ ಆಗದು. "ಹುಡುಗನಿಗೆ ಸುಳ್ಳುಗಡ್ಡ ಕಟ್ಟಿ ರಾಜನ ಪಾತ್ರಕ್ಕೆ ನಿಲ್ಲಿಸಿದ ಹಾಗೆ," ಎನ್ನುತ್ತಿದ್ದರು. ಅದನ್ನು ಅವರು ಹೇಳುತ್ತಿದ್ದದ್ದು ತಮ್ಮ ಬಾಲ್ಯದ ಗೆಳೆಯ ತೊಂಗ್‌ಗೆ, ಚಹಾದಂಗಡಿಯಲ್ಲಿ, ಹತ್ತು ಜನರ ಎದುರು. ತೊಂಗ್ ಬೊಟ್ಟಿಡದ ಹುಳವನ್ನು ಎಂದೂ ಸಾಕಿದವರಲ್ಲ.

ಮರುದಿನ ಯುಟಾಂಗ್ ಬುರುಡೆಯನ್ನು ಸ್ವೆಟರಿನೊಳಗೆ ಇಟ್ಟುಕೊಂಡು, ಬಸ್ಸು ಹತ್ತಿ ತೊಂಗ್ ತಾತನ ಮನೆಗೆ ಹೋದಳು. ಯಾರ ಮನೆಯ ಬಾಗಿಲನ್ನಾದರೂ ತಾನಾಗಿಯೇ ತಟ್ಟುವುದು ಅವಳಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಅವರ ಓಣಿಯ ತುದಿಯವರೆಗೆ ಹೋಗಿ ವಾಪಸ್ ಬಂದು, ಮತ್ತೆ ಹೋಗಿ ತಟ್ಟಿದಳು.

"ಗುವಾನನ ಮೊಮ್ಮಗಳಾ! ಬಾ, ಊಟ ಆಯ್ತಾ?" ತೊಂಗ್ ತಾತನದು ಗಡಸು ಗಂಟಲು. "ನಿಮ್ಮ ತಾತ ಇನ್ನೂ ಬೈತಾನಾ ನನ್ನ? ಬಾಯಿ ಇದೆ ಅಂದ್ರೆ ಬದುಕಿದಾನೆ ಅಂತ ಲೆಕ್ಕ."

ಅವಳು ಬುರುಡೆಯನ್ನು ಮೇಜಿನ ಮೇಲಿಟ್ಟಳು. ಎದೆಯ ಬಿಸಿಯಲ್ಲಿ ಹಾಯಾಗಿ ಬಂದಿದ್ದ ಹುಳ ತಕ್ಷಣ ಹಾಡತೊಡಗಿತು.

"ತಾತ ಇದನ್ನ ಮೂಗ ಅಂತಾರೆ," ಎಂದಳು.

ತೊಂಗ್ ತಾತ ಬುರುಡೆಯನ್ನು ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದರು. ಅವಳತ್ತ ಬಾಗಿ ಕೇಳಿದರು: "ಈಗ ಹಾಡ್ತಾ ಇದೆಯಾ ಮಗಳೇ?"

ಯುಟಾಂಗ್ ಹೌದೆಂದು ತಲೆಯಾಡಿಸಿದಳು.

ಅವರು ತೋರುಬೆರಳನ್ನು ಬುರುಡೆಯ ಹೊಟ್ಟೆಗೆ ತಾಕಿಸಿ ಕಣ್ಣು ಮುಚ್ಚಿದರು. "ಹೌದು, ನಡುಗ್ತಾ ಇದೆ. ಒಳ್ಳೇ ಹುಳ," ಎಂದರು. "ನಾನು ಬಾಯ್ಲರ್ ಕಾರ್ಖಾನೆ ಸೇರಿದಾಗ ನಿನ್ನಷ್ಟೇ ವಯಸ್ಸು. ದಿನವೆಲ್ಲ ಕಬ್ಬಿಣ ಬಡಿಯೋದು. ಮೂವತ್ತು ತುಂಬೋದರೊಳಗೆ ಸಣ್ಣ ದನಿ ಎಲ್ಲ ಹೋಯ್ತು. ಬೊಟ್ಟಿಟ್ಟರೆ ಮಾತ್ರ ಕೇಳಿಸುತ್ತೆ."

"ತಾತನಿಗೆ ಹೇಳಬಹುದಿತ್ತಲ್ಲ?"

"ಏನಂತ ಹೇಳೋದು? ಹಂಗಿಸೋ ಗೆಳೆಯ ಇದ್ದ. ಕನಿಕರಪಡೋ ಗೆಳೆಯ ನನಗೆ ಬೇಕಿರಲಿಲ್ಲ." ಎದ್ದು ಪೆಟ್ಟಿಗೆ ತೆಗೆದರು. "ಇಡೋಣ. ಆದರೆ ಈಗ ನನ್ನ ಕೈ ನಡುಗುತ್ತೆ, ನೀನೇ ಇಡಬೇಕು. ಮೊದಲೇ ಹೇಳ್ತೀನಿ ಕೇಳು, ಚುಕ್ಕಿ ದೊಡ್ಡದಾದರೆ, ಜಾಗ ತಪ್ಪಿದರೆ, ಹುಳ ನಿಜವಾಗ್ಲೂ ಮೂಗ ಆಗುತ್ತೆ. ಆಮೇಲೆ ಹಕ್ಕಿಗೇ."

ತಂತಿಬಲೆಯ ಸಣ್ಣ ಕೊಳವೆಯಲ್ಲಿ ಹುಳವನ್ನು ನಿಲ್ಲಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯನ್ನು ಅವಳ ಕಣ್ಣ ಮುಂದೆ ತಂದರು. ಹುಟ್ಟಿದಾಗಿನಿಂದ ತನ್ನ ತಾತನ ಮನೆಯಲ್ಲಿ ಜೀರುಂಡೆ ನೋಡಿದವಳು ಅವಳು. ಆದರೂ ನೋಡಿರಲಿಲ್ಲ. ಎಣ್ಣೆ ಸವರಿದಂತೆ ಹೊಳೆಯುವ ಕಪ್ಪು ಮೈ. ಅದಕ್ಕೇ ಓಣಿಯವರು ಈ ಜಾತಿಯನ್ನು ಎಣ್ಣೆಬುರುಡೆ ಎನ್ನುವುದು. ಬೆನ್ನ ಮೇಲೆ ಹೊದ್ದ ಎರಡು ರೆಕ್ಕೆಗಳು ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿದ್ದವು. ಅವುಗಳ ಮೇಲೆ ನರಗಳು ನದಿಗಳಂತೆ ಕವಲೊಡೆದು, ಬಾಗಿ, ಒಂದನ್ನೊಂದು ಸೇರಿದ್ದವು. ನಡುವೆ ಒಂದೇ ಒಂದು ನರವೂ ಇಲ್ಲದ, ಕನ್ನಡಿಯಂಥ ಬಯಲು. ಹಾಡು ಹುಟ್ಟುತ್ತಿದ್ದದ್ದು ಗಂಟಲಿನಿಂದಲ್ಲ. ಈ ಸಿಪ್ಪೆಯ ಅಂಚು ಆ ಸಿಪ್ಪೆಯ ಮೇಲೆ ಸರಿಯುತ್ತಿತ್ತು, ಕನ್ನಡಿ ಮಿನುಗುತ್ತಿತ್ತು, ಮನೆ ತುಂಬುತ್ತಿತ್ತು. ಇಷ್ಟೂ ಇಲ್ಲದ್ದರಿಂದ ಅಷ್ಟು ದೊಡ್ಡ ಹಾಡು. ಯುಟಾಂಗ್ ಉಸಿರು ಬಿಡುವುದನ್ನು ಮರೆತಳು.

"ಉಸಿರು ಹಿಡಿದದ್ದು ಒಳ್ಳೇದೇ ಆಯ್ತು. ಇಡು," ಎಂದರು ತೊಂಗ್ ತಾತ.

ಬಿಸಿ ಮಾಡಿದ ತಾಮ್ರದ ಸೂಜಿಯ ಮೊನೆಯಲ್ಲಿ ಕೆಂಪು ಅಂಟು ಒಂದು ಕ್ಷಣ ಹೊಳೆದು, ಮೇಲಿನ ರೆಕ್ಕೆಯ ತುದಿಗೆ ಹತ್ತಿರ, ನರಗಳು ಕೂಡುವಲ್ಲಿ ಕೂತಿತು. ಹಣೆಗಿಟ್ಟ ಬೊಟ್ಟಿನ ಹಾಗೆ.

ಹುಳ ಹಾಡಲಿಲ್ಲ.

ತೊಂಗ್ ತಾತ ಮಲ್ಲಿಗೆ ಚಹಾ ಮಾಡಿದರು. ಬುರುಡೆಯನ್ನು ಒಲೆಯ ಹತ್ತಿರಕ್ಕೆ ಸರಿಸಿದರು. ಚಹಾ ಆರಿತು. ಯುಟಾಂಗ್ ತನ್ನ ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕೂತಳು, ತಪ್ಪು ಮಾಡಿದ ಕೈಗಳೆಂಬಂತೆ. ಹಕ್ಕಿಯ ಕೊಕ್ಕಿನಿಂದ ಬಿಡಿಸಿದ್ದನ್ನು ತಾನೇ ಕೊಂದೆನೇನೋ. ಇನ್ನೇನು ಅಳು ಬರಬೇಕು, ಆಗ ಬುರುಡೆಯೊಳಗೆ ಏನೋ ಒಂದು ಸಲ ಮಿಡಿದು ನಿಂತಿತು.

ಒಂದೇ ಸ್ವರ. ತನ್ನ ದನಿ ಕೇಳಿ ಹುಳವೇ ಬೆಚ್ಚಿ ಸುಮ್ಮನಾಯಿತೆನ್ನುವ ಹಾಗೆ. ಆಮೇಲೆ, ಹೆದರಿಕೆಯಿಂದ, ಇನ್ನೊಂದು. ಆಮೇಲೆ ತಡೆಯಿಲ್ಲದೆ ಬಂತು. ನೀರಿನ ತಳದಲ್ಲಿ ಗಂಟೆ ಹೊಡೆದಂತೆ, ಆಳದಿಂದ, ನಿಧಾನವಾಗಿ, ಎಷ್ಟೋ ಬದುಕಿ ಬಂದವರು ಮಾತಾಡುವಂತೆ. ಅದೇ ಹುಳ, ಅದೇ ರೆಕ್ಕೆ. ತೊಂಗ್ ತಾತನ ಕೈಯ ಚಹಾ ಬಟ್ಟಲು ತುಟಿಯ ಬಳಿಯೇ ನಿಂತುಬಿಟ್ಟಿತ್ತು.

"ಓಡು, ತಗೊಂಡು ಹೋಗು," ಎಂದರು ಕೊನೆಗೆ. "ಇನ್ನೂ ಸ್ವಲ್ಪ ಹೊತ್ತು ಕೇಳಿದರೆ ನಾನು ಕೊಡಲ್ಲ."

ಬಸ್ಸಿನಲ್ಲಿ ಹುಳ ಅವಳ ಸ್ವೆಟರಿನೊಳಗಿಂದಲೇ ಹಾಡಿತು. ಬಸ್ಸು ಬಸ್ಸೇ ತಿರುಗಿ ನೋಡಿತು. ಎಂದಿನ ಯುಟಾಂಗ್ ಆಗಿದ್ದರೆ ಮುಂದಿನ ನಿಲ್ದಾಣದಲ್ಲಿ ಇಳಿದು ನಡೆಯುತ್ತಿದ್ದಳು. ಪಕ್ಕದ ಸೀಟಿನ ಅಜ್ಜಿ ಮೂಲಂಗಿ ಚೀಲವನ್ನು ತೊಡೆಗೇರಿಸಿಕೊಂಡು ಕೇಳಿದಳು, "ಒಳಗಿರೋದು ಗಂಡೋ ಹೆಣ್ಣೋ?"

"ಗಂಡು ಅಜ್ಜಿ. ಹಾಡೋದು ಗಂಡೇ."

"ಅಂದುಕೊಂಡೆ. ಕೆಲಸ ಇಲ್ಲದವರೇ ಅಲ್ಲವಾ ಹಾಡೋದು."

ಯುಟಾಂಗ್ ಗಟ್ಟಿಯಾಗಿ ನಕ್ಕಳು. ಆ ನಗು ಯಾರದೆಂದು ಅವಳಿಗೇ ಗೊತ್ತಾಗಲಿಲ್ಲ.

ತಾತ ಅಂಗಳದ ಬಿಸಿಲಲ್ಲಿ ಕೂತು ಬುರುಡೆಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸಿ ಬುಟ್ಟಿಯಲ್ಲಿಡುತ್ತಿದ್ದರು, ತೊಂಗ್‌ಗೆ ಕಳಿಸಲು. ಯುಟಾಂಗ್ ಬಾಗಿಲು ದಾಟಿದಾಗ ಹುಳ ಸುಮ್ಮನಿತ್ತು. ಅವಳು ತಾತನ ಎದುರು ಕುಕ್ಕರಗಾಲಿನಲ್ಲಿ ಕೂತು, ಬುರುಡೆಯನ್ನು ಅವರ ಮಂಡಿಯ ಮೇಲಿಟ್ಟಳು. ಬಿಸಿಲು ತಾಕಿತು. ಹಾಡು ಎದ್ದಿತು.

ಬಟ್ಟೆ ಹಿಡಿದ ತಾತನ ಕೈ ಅಲ್ಲೇ ನಿಂತಿತು. ಹಾಡು ನಿಲ್ಲುವವರೆಗೂ ಅವರು ರೆಪ್ಪೆ ಮುಚ್ಚಲಿಲ್ಲ. ನಿಂತ ಮೇಲೆ ಮುಚ್ಚಳ ತೆಗೆದು, ಕೆಂಪು ಚುಕ್ಕಿಯನ್ನು ನೋಡಿದರು.

"ಬೊಟ್ಟು," ಎಂದರು.

"ಹೌದು ತಾತ. ನಾನೇ ಇಟ್ಟಿದ್ದು. ತೊಂಗ್ ತಾತನ ಮನೇಲಿ."

"ಇದಕ್ಕೆ ಮೊದಲೂ ಹಾಡ್ತಿತ್ತಾ?"

ಸುಳ್ಳೊಂದು ಅವಳ ನಾಲಿಗೆಯ ತುದಿಯವರೆಗೆ ಬಂದು ಹಿಂದೆ ಹೋಯಿತು. "ಹಾಡ್ತಿತ್ತು."

ತಾತ ಮುಚ್ಚಳವನ್ನು ಮೆಲ್ಲಗೆ ಮತ್ತೆ ಹಾಕಿದರು. "ತೊಂಗ್‌ಗೂ ಹೀಗೇನಾ?"

"ಕಾರ್ಖಾನೆಯಲ್ಲಿದ್ದಾಗಿನಿಂದ."

"ಸುಳ್ಳುಗಡ್ಡ ಅಂತಿದ್ದೆ ಅವನಿಗೆ," ಎಂದರು ತಾತ. "ಎಲ್ಲರೆದುರು. ಅವನು ನಗ್ತಿದ್ದ." ಕಣ್ಣು ಪಂಜರದ ಕಡೆ ಹೊರಳಿತು. "ಹಾಗಾದರೆ ಮೊದಲಿನ ಎರಡು?"

ಅವಳಿಗೆ ಅದು ಗೊತ್ತಿರಲಿಲ್ಲ. ಅವು ಮನೆಯಲ್ಲಿದ್ದ ದಿನಗಳಲ್ಲಿ ಅವಳು ರಾತ್ರಿಯವರೆಗೂ ಅಂಗಡಿಯಲ್ಲಿದ್ದಳು. ಗೊತ್ತಿಲ್ಲವೆಂದು ಹೇಳಬೇಕೆನ್ನುವಷ್ಟರಲ್ಲಿ ಸೂರಿನಡಿಯಿಂದ, ಬುರುಡೆಯ ಹಾಡಿಗೆ ಮಾರುತ್ತರವೆಂಬಂತೆ, ಹಕ್ಕಿ ತಾನು ಈಚೆಗೆ ಕಲಿತ ಆ ಸಣ್ಣ ಎಳೆಯನ್ನು ಹಿಡಿಯಿತು. ಯುಟಾಂಗ್ ತಲೆ ಎತ್ತಿದಳು. ಬೆಳ್ಳಿಯ ತಂತಿ ಎಳೆದು ಬಿಟ್ಟಂತೆ, ಎಳೆದು ಬಿಟ್ಟಂತೆ. ಬೊಟ್ಟಿಲ್ಲದ, ಎಳೆಯ ಎಣ್ಣೆಬುರುಡೆಯ ದನಿ. ಹುಳಗಳನ್ನು ನುಂಗಿತ್ತು. ಹಾಡನ್ನು ಮಾತ್ರ ಹಾಗೇ ಉಳಿಸಿಕೊಂಡಿತ್ತು.

ಹಕ್ಕಿಯ ಗಂಟಲು ಅಲುಗುವುದು ತಾತನಿಗೂ ಕಂಡಿತು. ಮೊಮ್ಮಗಳ ಮುಖ ಬದಲಾದದ್ದೂ ಕಂಡಿತು.

"ಅದು ಕೇಳದೇ ಇರೋದನ್ನ ಹಾಡಲ್ಲ," ಎಂದರು ನಿಧಾನವಾಗಿ. ತಲೆಯ ಮೇಲಿನ ಟೋಪಿಯನ್ನು ತೆಗೆದು ಮಂಡಿಯ ಮೇಲಿಟ್ಟುಕೊಂಡರು, ಹಿರಿಯರು ಬಂದಾಗ ತೆಗೆದಿಡುವ ಹಾಗೆ. ಬಿಸಿಲಲ್ಲೂ ಕೊರೆಯುವ ಚಳಿ. ಅವರಿಗೆ ಅದರ ಪರಿವೆ ಇರಲಿಲ್ಲ.

ಬುರುಡೆಯನ್ನು ಕೋಟಿನೊಳಗೆ ಎದೆಗಿಟ್ಟುಕೊಂಡು ಗುಂಡಿ ಹಾಕಿದರು. ಒಳಗಿನಿಂದ ಗಂಟೆಯ ಹಾಡು ಮತ್ತೆ ಶುರುವಾಯಿತು. ಒರೆಸಿಟ್ಟ ಬುರುಡೆಗಳ ಬುಟ್ಟಿಯನ್ನು ಕಾಲಿನಿಂದ ಬಾಗಿಲಿನ ಕಡೆಗೆ, ಒಳಕ್ಕೆ, ತಳ್ಳಿದರು.

"ತೊಂಗ್‌ನ ನಾಳೆ ಚಹಾಕ್ಕೆ ಕರಿ. ನಾನು ಕರೆದರೆ ಬೈಗುಳ ಅಂದ್ಕೋತಾನೆ," ಎಂದರು. ಆಮೇಲೆ ಪಂಜರದತ್ತ ಗಲ್ಲ ಎತ್ತಿ ತೋರಿಸಿದರು. "ಈಗ ಹೇಳು, ಅದು ಹೇಗಿದೆ?"

"ಯಾವುದು ತಾತ?"

"ನನಗೆ ಕೇಳದೇ ಇರೋದು."

ಯುಟಾಂಗ್ ಅವರ ಪಕ್ಕದ ಕಲ್ಲಿನ ಮೇಲೆ ಕೂತಳು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಒಂದು ಗಳಿಗೆ ಕೇಳಿಸಿಕೊಂಡಳು. ಆಮೇಲೆ ಮಾತಾಡತೊಡಗಿದಳು. ಬಿಸಿಲು ಅಂಗಳದ ಗೋಡೆ ಹತ್ತಿ ಹೋಗುವವರೆಗೂ ಮಾತಾಡಿದಳು.