ಫೈನಲ್ ಆದ ಮೇಲಿನ ಸುತ್ತು

ನನ್ನ ಗಂಡನನ್ನು ಊರೆಲ್ಲ ಚಿನ್ನ ಎಂದೇ ಕರೆಯುತ್ತದೆ. ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಚಿನ್ನ ಗೆದ್ದವನಿಗೆ ತಕ್ಕ ಹೆಸರೇ. ಹಾಲಿನಂಗಡಿಯವನು, ಬಸ್ ಕಂಡಕ್ಟರು, ಯಾರು ಕರೆದರೂ ಯಾರಿಗೂ ಏನೂ ಅನ್ನಿಸುವುದಿಲ್ಲ. ಕಟ್ಟಿಕೊಂಡ ಹೆಂಡತಿ ನಾನು ಬೀದಿಯಲ್ಲಿ ಹಾಗೆ ಕೂಗಿದರೆ ಮಾತ್ರ ಜನ ಮುಸಿಮುಸಿ ನಗುತ್ತಾರೆ. ಅದಕ್ಕೇ ನಾನು ಅವನನ್ನು 'ಏ' ಎನ್ನುತ್ತೇನೆ.

ಅವನ ತೊಂದರೆ ಇಷ್ಟೇ. ಒಲಿಂಪಿಕ್ಸ್‌ನಲ್ಲಿ ಪಂದ್ಯಕ್ಕೆ ಮೂರು ಸುತ್ತು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಹತ್ತು. ಈ ವಿಷಯವನ್ನು ಅವನ ಮೈಗೆ ಯಾರೂ ತಿಳಿಸಿಲ್ಲ. ಮೂರು ಸುತ್ತು ಎದುರಾಳಿಗೆ ಉಸಿರಾಡಲೂ ಬಿಡುವುದಿಲ್ಲ. ಮೂರನೆಯ ಗಂಟೆ ಹೊಡೆಯಿತೋ, ನೆಟ್ಟಗೆ ರೆಫರಿ ಪಕ್ಕ ಹೋಗಿ ನಿಂತು, ಗೆದ್ದವನ ಕೈ ಎತ್ತಲಿ ಎಂದು ಬಲಗೈ ಚಾಚಿ, ಫೋಟೋದವರ ಕಡೆ ಮುಗುಳ್ನಗುತ್ತಾನೆ. ಎಳೆದು ತಂದು ಸ್ಟೂಲಿನ ಮೇಲೆ ಕೂರಿಸಿದರೂ ನಾಲ್ಕನೇ ಸುತ್ತಿಗೆ ಎದ್ದು ಹೋಗಿ ಮತ್ತೆ ಅಲ್ಲೇ ನಿಲ್ಲುತ್ತಾನೆ. ಏಟು ಆ ನಗುವಿನ ಮೇಲೇ ಬೀಳುತ್ತದೆ. ನಮ್ಮ ಮನೆಯಲ್ಲಿ ನಾಲ್ಕನೇ ಸುತ್ತು ಎಂದರೆ ತಲೆಸುತ್ತು ಎಂದೇ ಅರ್ಥ.

ಇವನ ಪದಕ ನೋಡಿ ಫ್ರಿಜ್ ಮಾರುವ ಕೆಲಸ ಬಿಟ್ಟು ಮ್ಯಾನೇಜರ್ ಆದ ನನ್ನಣ್ಣ ಮಾಡದ ಉಪಾಯವಿಲ್ಲ. ನನ್ನ ದರ್ಜಿ ಅಂಗಡಿಯಲ್ಲಿ ಒಂದು ಗಂಟೆ ನೇತು ಹಾಕಿ, ಮೂರರ ಆಚೆಗೂ ಗಂಟೆಗಳಿವೆ ಎಂದು ಇವನಿಗೆ ಅಭ್ಯಾಸವಾಗಲಿ ಎಂದು ದಿನವಿಡೀ ಬಾರಿಸಿದ. ಇವನಿಗೆ ಏನೂ ಆಗಲಿಲ್ಲ, ಮೂರನೇ ಗಂಟೆಗೆ ನನ್ನ ಗಿರಾಕಿಗಳು ಅಳತೆ ಅರ್ಧಕ್ಕೇ ಬಿಟ್ಟು ಎದ್ದು ಹೋಗತೊಡಗಿದರು. ಮನಸ್ಸಿನ ಡಾಕ್ಟರಿಗೂ ತೋರಿಸಿದೆವು. 'ರೋಗ ಏನಿಲ್ಲ, ಇವರಿಗೆ ತೃಪ್ತಿಯಾಗಿದೆ. ಅದಕ್ಕೆ ನಮ್ಮಲ್ಲಿ ಔಷಧಿ ಇಲ್ಲ' ಎಂದರು.

ಕೊನೆಗೆ ಬಾಕ್ಸಿಂಗ್ ಮಂಡಳಿಯವರು, ಇನ್ನೊಂದು ಸಲ ಹೀಗೆ ನಿಂತು ಏಟು ತಿಂದರೆ ಲೈಸೆನ್ಸ್ ರದ್ದು ಎಂದರು. ಅಂದು ನನ್ನ ಗಂಡ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಹೋಗಿ ಕೂತ. ದೊಡ್ಡವರು ಕೂರುವ ಜಾಗವಲ್ಲ ಅದು.

"ಒಂದೇ ಒಂದು ಸಲ ಇಲ್ಲೂ ಗೆಲ್ಲಬೇಕು ಕಣೆ," ಎಂದ. "ಆ ಪದಕ ಗೆದ್ದವನು ಬೇರೆ ಯಾರೋ ಅನ್ನಿಸ್ತಿದೆ."

ಏನು ಮಾಡಿಯಾದರೂ ಇವನನ್ನು ಗೆಲ್ಲಿಸುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ.

ಒಂದು ಅನುಕೂಲವಿತ್ತು. ರಿಂಗಿನೊಳಗೆ ಅವನಿಗೆ ತನ್ನ ಮೂಲೆಯವರ ಮಾತೇ ವೇದವಾಕ್ಯ. ಹಿಂದೊಮ್ಮೆ ಕೋಚು 'ಎಡಗಡೆ ಗೋಡೆ ಇದೆ ಅಂದ್ಕೋ' ಎಂದಿದ್ದರು. ಇವತ್ತಿಗೂ ಎಡಕ್ಕೆ ಹೋಗಬೇಕಾದರೆ ಅವನು ಬಲಕ್ಕೆ ಮೂರು ಸಲ ತಿರುಗುತ್ತಾನೆ. ರಿಂಗಿನ ಹೊರಗೆ ಎಷ್ಟು ತಿಳಿಹೇಳಿದರೂ ಆ ಗೋಡೆ ಬೀಳಲಿಲ್ಲ. ಕೋಚು ನಾಚಿಕೆಯಿಂದ ಊರು ಬಿಟ್ಟರು. ಹಾಗಾಗಿ ಈ ಸಲ ಮೂಲೆಯಲ್ಲಿ ನಾನೇ ನಿಂತೆ.

ಎದುರಾಳಿಗೆ ಲಾರಿ ಎಂದು ಅಡ್ಡಹೆಸರು. ಮೂರನೇ ಗಂಟೆ ಹೊಡೆದದ್ದೇ ತಡ, ನಾನು ಹಗ್ಗ ನುಸುಳಿ ಒಳಗೆ ಹೋಗಿ ಗಂಡನ ಕೈ ಹಿಡಿದು ಮೇಲೆತ್ತಿದೆ. ಜನ ಹೋ ಎಂದು ನಕ್ಕರು. ನಗಲಿ, ಅವರ ಗಂಟೇನು ಹೋಗುತ್ತದೆ.

"ಗೆದ್ದೆ," ಎಂದೆ. "ಕ್ವಾರ್ಟರ್ ಫೈನಲ್ ಮುಗೀತು. ಈಗ ಸೆಮಿಫೈನಲ್. ಎದುರಿಗಿರೋನು ಬೇರೆ."

"ಅದೇ ಮುಖ ಅಲ್ವಾ?"

"ಅವನ ತಮ್ಮ."

"ತಮ್ಮನಿಗೂ ಅದೇ ಚಡ್ಡಿನಾ?"

"ಅಣ್ಣಂದೇ ಇಸ್ಕೊಂಡು ಹಾಕ್ಕೊಂಡಿದಾನೆ."

"ಪಾಪ, ಇಲ್ಲದವರು," ಎಂದು ಎದುರಾಳಿಯ ಕಡೆ ತಿರುಗಿದ. ನಾಲ್ಕನೇ ಸುತ್ತಿನಲ್ಲಿ ಅವನು ನಿಂತಲ್ಲಿ ನಿಲ್ಲದೆ ಹೊಡೆದದ್ದನ್ನು ನಾನು ಮೊದಲ ಬಾರಿಗೆ ಕಣ್ಣಾರೆ ಕಂಡೆ.

ಆರನೆಯ ಸುತ್ತು ಮುಗಿದಾಗ ಲಾರಿಯ ಮುಖ ಊದಿತ್ತು, ಅವನು ಕಾಲು ಎಳೆಯುತ್ತಿದ್ದ. ಮತ್ತೆ ಕೈ ಎತ್ತಿದೆ. "ಇದು ಫೈನಲ್. ಇವನು ಅವರ ಅಪ್ಪ," ಎಂದೆ.

"ವಯಸ್ಸಾಗಿದೆ ಅಲ್ವಾ? ಮೆಲ್ಲಗೆ ಹೊಡೀತೀನಿ."

"ಮೆಲ್ಲಗೆ ಗಿಲ್ಲಗೆ ಏನೂ ಬೇಡ. ಮಕ್ಕಳನ್ನ ಹಾಗೆ ಬೆಳೆಸಿದ್ದೇ ಅವನು."

ಒಂಬತ್ತನೆಯ ಗಂಟೆ ಹೊಡೆಯಿತು. ನಾನು ಕೈ ಎತ್ತುವ ಮೊದಲೇ ಅವನು ಎತ್ತಿಕೊಂಡಿದ್ದ. ಫೈನಲ್ ಗೆದ್ದಾಗಿತ್ತು. ಗ್ಲೌಸಿನ ದಾರವನ್ನು ಹಲ್ಲಿನಿಂದ ಬಿಚ್ಚುತ್ತ, ಬಾವುಟ ಏರುವ ಕಡೆ ಯಾವುದು ಎಂದು ಕಣ್ಣಲ್ಲೇ ಹುಡುಕುತ್ತಿದ್ದ. ಮೂರು ಮೂರಲೆ ಒಂಬತ್ತು ಎಂದು ಲೆಕ್ಕ ಹಾಕಿದ ಅಣ್ಣ ತಂಗಿ ಇಬ್ಬರೂ ಹತ್ತನೆಯದನ್ನು ಮರೆತೇಬಿಟ್ಟಿದ್ದೆವು.

"ಏನಾದ್ರೂ ಹೇಳೇ," ಎಂದು ಕೆಳಗಿನಿಂದ ಅಣ್ಣ ಹಲ್ಲು ಕಡಿದ.

"ಇನ್ನೊಂದು ಸುತ್ತಿದೆ," ಎಂದೆ.

ಗಂಡ ನನ್ನನ್ನೇ ನೋಡಿದ. "ಫೈನಲ್ ಆದ್ಮೇಲೆ ಏನಿರುತ್ತೆ?"

ನಿಜ ಹೇಳಬೇಕೆಂದರೆ, ಫೈನಲ್ ಆದ ಮೇಲೆ ಇದ್ದದ್ದು ನಾನು. ಪದಕ ಗೆದ್ದು ಬಂದವನು ಸನ್ಮಾನಕ್ಕೆ ಕೋಟು ಹೊಲಿಸಲು ನನ್ನ ಅಂಗಡಿಗೆ ಬಂದಿದ್ದ, ತೋಳಿನ ಅಳತೆ ತೆಗೆಯುವಾಗ ಬೆವರಿದ್ದ. ಅದನ್ನು ಹೇಳಿದರೆ ಇವನು ಗ್ಲೌಸು ಬಿಚ್ಚಿ ಮನೆಗೆ ನಡಿ ಎನ್ನುತ್ತಾನೆ, ಅಲ್ಲಿಗೆ ಲೈಸೆನ್ಸಿನ ಕಥೆ ಮುಗಿಯಿತು. ಗಂಟೆಯವನು ಸುತ್ತಿಗೆ ಎತ್ತಿದ್ದ. ನನ್ನ ಬಾಯಿ ನನಗಿಂತ ಮೊದಲೇ ಓಡಿತು.

"ಫೈನಲ್ ಎಲ್ಲಿಂದ ಬಂತು?" ಎಂದೆ. "ಇದು ನಿನ್ನ ಮೊಟ್ಟಮೊದಲ ಪಂದ್ಯ. ನೀನಿನ್ನೂ ಏನೂ ಗೆದ್ದಿಲ್ಲ."

ಅವನ ಮುಖದಿಂದ ಆ ತೃಪ್ತಿ ಒರೆಸಿದ ಹಾಗೆ ಹೋಯಿತು. ಭುಜ ಬಿಗಿಯಾಯಿತು, ಕಣ್ಣಿನಲ್ಲಿ ನಾನೆಂದೂ ನೋಡಿರದ ಹಸಿವು ಬಂತು.

"ಸರಿ ಮೇಡಂ," ಎಂದ. "ನೀವು ಸ್ವಲ್ಪ ಪಕ್ಕಕ್ಕೆ ಸರೀರಿ."

ಆ 'ನೀವು' ನನ್ನ ಕಿವಿಗೆ ಬಿದ್ದು ಅರ್ಥವಾಗುವಷ್ಟರಲ್ಲಿ ಲಾರಿ ನೆಲಕ್ಕೆ ಉರುಳಿದ್ದ. ಅಣ್ಣ, ತಮ್ಮ, ಅಪ್ಪ ಮೂವರೂ ಒಟ್ಟಿಗೆ ಬಿದ್ದರು. ಈ ಸಲ ರೆಫರಿಯೇ ಬಂದು ನನ್ನ ಗಂಡನ ಕೈ ಎತ್ತಿದರು. ನನ್ನಣ್ಣ ಕುಣಿದಾಡಿ, ಮುಂದಿನ ಪಂದ್ಯಕ್ಕೆ ಯಾರನ್ನೋ ಮಾತಾಡಿಸಲು ಓಡಿದ. ಗಂಡ ಹಗ್ಗ ದಾಟಿ ಬಂದು ನನ್ನೆದುರು ತಲೆಬಾಗಿದ.

"ಬಹಳ ಉಪಕಾರ ಆಯ್ತು. ನೀವು ಯಾರ ಕಡೆಯವರು?"

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಆದರೆ ಇವನಿಗೆ ತಮಾಷೆ ಬರುವುದಿಲ್ಲ. 'ಏ, ನಾನು ನಿನ್ನ ಹೆಂಡತಿ' ಎಂದೆ. ಪಾಪ ಏಟು ಯಾರಿಗೆ ಬಿತ್ತು ಎಂಬಂತೆ ನನ್ನ ತಲೆಯನ್ನೇ ನೋಡಿದ. ಗಾಯಕ್ಕೆ ಔಷಧಿ ಹಚ್ಚುತ್ತೇನೆ ಎಂದು ಹೇಗೋ ಪುಸಲಾಯಿಸಿ ಮನೆಗೆ ಕರೆತಂದೆ. ಶೂ ಹೊರಗೆ ಬಿಟ್ಟು, ತನ್ನದೇ ಕುರ್ಚಿಯ ತುದಿಯಲ್ಲಿ ಕೂತು, ನೀರು ಕುಡಿಯಲು ಅಪ್ಪಣೆ ಕೇಳಿದ. ನನಗೆ ಪಿತ್ತ ನೆತ್ತಿಗೇರಿತು, ಹಿಂದೆಯೇ ಅಳುವೂ ಬಂತು. ಗೋಡೆಯ ಮೇಲಿನ ಪದಕ ಅವನ ಕಣ್ಣಿಗೆ ಬಿತ್ತು.

"ಇದು ಯಾರದ್ದು?"

"ನಮ್ಮ ಮನೆಯವರದ್ದು."

ಅವನು ದಡಕ್ಕನೆ ಎದ್ದು ನಿಂತ. "ಅವರು ಮನೇಲಿಲ್ವಾ?"

"ಇಲ್ಲ," ಎಂದೆ.

"ತಪ್ಪು ತಿಳ್ಕೋಬೇಡಿ. ಅವರಿಲ್ಲದಾಗ ನಾನಿಲ್ಲಿ ಕೂತಿರೋದು ಸರಿಯಲ್ಲ. ಆದ್ರೆ ಅಂಥವರನ್ನ ಒಂದು ಸಲ ನೋಡದೆ ಹೋಗೋಕೂ ಮನಸ್ಸಿಲ್ಲ. ಹೊರಗೆ ಕಾಯ್ತೀನಿ."

ಹೋಗಿ ಮೆಟ್ಟಿಲ ಮೇಲೆ ಕೂತ. ನಾನು ಬಾಗಿಲು ಹಾಕಿಕೊಳ್ಳಲಾರದೆ ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ಹೊರಗೆ ಬಂದು, ಒಂದು ಮೆಟ್ಟಿಲು ಬಿಟ್ಟು ಅವನ ಕೆಳಗೆ ಕೂತೆ.

"ನೀವ್ಯಾಕೆ ಕೂತಿರಿ?" ಎಂದ.

"ನಾನೂ ಅವರನ್ನೇ ಕಾಯ್ತಿದೀನಿ," ಎಂದೆ.