ಬೀಳುವ ಪಾಠ

ಜೂಡೋ ಆಡುತ್ತಿದ್ದ ದಿನಗಳಲ್ಲಿ ಅವಳನ್ನು ಎಲ್ಲರೂ ಬುಗುರಿ ಎಂದೇ ಕರೆಯುತ್ತಿದ್ದರು. ಎದುರಾಳಿ ಕಾಲರಿಗೆ ಕೈ ಹಾಕುವಷ್ಟರಲ್ಲಿ ಗಿರ್ರನೆ ತಿರುಗಿ, ಸೊಂಟದ ಮೇಲಿಂದ ಹಾರಿಸಿ ಮ್ಯಾಟಿಗೆ ಒಗೆಯುತ್ತಿದ್ದಳು. ಆಮೇಲೊಂದು ಪಂದ್ಯದಲ್ಲಿ ಮೊಣಕಾಲು ತಿರುಚಿತು. ಅದು ವಾಸಿಯಾಗುವಷ್ಟರಲ್ಲಿ ಮದುವೆ, ಮಗಳು, ಕನ್ನಡಕದಂಗಡಿಯ ಕೆಲಸ. ಜೂಡೋ ಬಟ್ಟೆ ಅಟ್ಟ ಸೇರಿತು.

ವರ್ಷಗಳೇ ಕಳೆದ ಮೇಲೆ, ಕನ್ನಡಕದ ಕಡ್ಡಿ ಬಿಗಿಸಿಕೊಳ್ಳಲು ಮುದುಕರೊಬ್ಬರು ಅಂಗಡಿಗೆ ಬಂದರು. ಅವಳ ಜೂಡೋ ಗುರುಗಳು.

"ಬುಗುರೀ, ಇನ್ನೂ ತಿರುಗ್ತೀಯೇನೇ?"

"ತಿರುಗ್ತೀನಲ್ಲ ಸರ್, ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ."

"ನನ್ನ ಸೊಂಟ ಕೈ ಕೊಟ್ಟಿದೆ. ಶನಿವಾರ ಮಧ್ಯಾಹ್ನ ನನ್ನ ಕ್ಲಾಸಿಗೆ ವಯಸ್ಸಾದ ಹೆಂಗಸರು ಬರ್ತಾರೆ, ಜಾರಿದ್ರೆ ಮೂಳೆ ಮುರ್ಕೊಳ್ಳೋ ವಯಸ್ಸು. ಗೆಲ್ಲೋದು ಬೇಡ, ಪೆಟ್ಟಾಗದ ಹಾಗೆ ಬೀಳೋದು ಕಲಿಸು ಸಾಕು."

ಆಗಲ್ಲ ಎನ್ನಲೆಂದೇ ಬಾಯಿ ತೆರೆದಳು. "ಎಷ್ಟು ಹೊತ್ತಿಗೆ?" ಎಂದುಬಿಟ್ಟಿತು ಬಾಯಿ.

ಅಟ್ಟದಲ್ಲಿ ಹುಡುಕಿದರೆ ಬಟ್ಟೆ ಇಲ್ಲ. ಶನಿವಾರ ಗುರುಗಳದ್ದೇ ಹಳೇ ಅಂಗಿ ತೊಟ್ಟು ಬರಿಗಾಲಲ್ಲಿ ಜೂಡೋ ಕೋಣೆಯೊಳಗೆ ಬಂದಳು. ಎತ್ತರದ ಕಿಟಕಿಗಳಿಂದ ಬಿಸಿಲು ಮ್ಯಾಟಿನ ಮೇಲೆ ಹಾಲಿನಂತೆ ಹರಡಿತ್ತು. ಅದೇ ಬೆವರಿನ ವಾಸನೆ. ನಿದ್ದೆಯಲ್ಲಿ ನಡೆಯುವವಳ ಹಾಗೆ ಹೆಜ್ಜೆ ಇಟ್ಟಳು. ಬಿಳಿ ಅಂಗಿಯ ಅಜ್ಜಿಯರು ಕೊಕ್ಕರೆಗಳಂತೆ ಸಾಲಾಗಿ ಕೂತಿದ್ದರು. ಕೊನೆಯಲ್ಲಿದ್ದ ಅಂಗಿ ಅವಳದೇ. ಒಳಗೆ ಅವಳ ಅತ್ತೆ!

"ಹೆಣ್ಣುಮಕ್ಕಳಿಗೆ ಯಾಕೆ ಈ ಕುಸ್ತಿ?" ಎಂದು ಆ ಬಟ್ಟೆಯನ್ನು ಅಟ್ಟಕ್ಕೆ ಹಾಕಿಸಿದ್ದ ಅತ್ತೆ.

"ಹಾಗೇನು ನೋಡ್ತೀಯಾ?" ಎಂದರು ಅವರು. "ಹೋದ ತಿಂಗಳು ಮೆಟ್ಟಿಲಲ್ಲಿ ಜಾರಿದೆ. ಯಾರಿಗೂ ಹೇಳಿಲ್ಲ. ಅವತ್ತಿಂದ ಎದೆ ಢವಢವ ಅನ್ನುತ್ತೆ."

ಮೊದಲು ತಾನೇ ಬಿದ್ದು ತೋರಿಸಬೇಕು. ನೆಲ ಬಾವಿಯ ತಳದಷ್ಟು ದೂರ ಕಂಡಿತು. ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದಳು. ಉಳಿದದ್ದನ್ನೆಲ್ಲ ಮೈಯೇ ನೋಡಿಕೊಂಡಿತು: ಬೆನ್ನು ಬಿಲ್ಲಾಯಿತು, ತೋಳು ಫಟ್ಟೆಂದು ಮ್ಯಾಟಿಗೆ ಬಡಿಯಿತು. ಎಲ್ಲೂ ನೋವಿಲ್ಲ. ಬಿಸಿಲಿನಲ್ಲಿ ತೇಲುವ ಧೂಳಿನ ಕಣಗಳನ್ನು ನೋಡುತ್ತ ಹಾಗೆಯೇ ಮಲಗಿದ್ದಳು. ಏಳಲು ಮನಸ್ಸೇ ಬರಲಿಲ್ಲ.

"ಮೇಡಂ, ನಿದ್ದೆ ಬಂತಾ?" ಎಂದರು ಒಬ್ಬ ಅಜ್ಜಿ.

ಅತ್ತೆಯ ಸರದಿ ಬಂದಾಗ ಅವಳ ಕೈ ಅವರ ಕಾಲರಿನ ಹತ್ತಿರ ತಡೆದು ನಿಂತಿತು. ಅಷ್ಟು ಹತ್ತಿರ ಅವರ ಮುಖವನ್ನು ಎಂದೂ ನೋಡಿರಲಿಲ್ಲ.

"ಇಷ್ಟು ವರ್ಷ ಇದಕ್ಕೇ ಕಾಯ್ತಿದ್ದೆ ಅಲ್ವೇನೇ? ಬೀಳಿಸು," ಎಂದರು ಅತ್ತೆ. ಕೋಣೆಯೆಲ್ಲ ಗೊಳ್ಳೆಂದಿತು.

"ಗಲ್ಲ ಎದೆಗೆ ಅಂಟಿಸಿ ಅತ್ತೆ. ಉಸಿರು ಬಿಡಿ. ನಾನು ಹಿಡ್ಕೊಂಡಿದ್ದೀನಿ."

ತಂತಿಯಿಂದ ಜಾರುವ ಒಣಬಟ್ಟೆಯಂತೆ ಹಗುರವಾಗಿ ಅತ್ತೆ ಬಿದ್ದರು. ಅಂಗೈ ಮ್ಯಾಟಿಗೆ ಬಡಿಯಿತು. ಆಮೇಲೆ ನಗು, ಅವರ ಮನೆಯಲ್ಲಿ ಯಾರೂ ಕೇಳದಿದ್ದ ನಗು.

"ಇನ್ನೊಂದ್ಸಲ!" ಎಂದರು ಅತ್ತೆ, ಮಲಗಿದ್ದಲ್ಲಿಂದಲೇ.

ತರಗತಿ ಮುಗಿದಾಗ ಗುರುಗಳು ಕೋಣೆಯ ಬೀಗದ ಕೈ ಅವಳ ಅಂಗೈಗಿಟ್ಟರು. ಅವಳು ಬೇಡವೆನ್ನಲಿಲ್ಲ.

ಸಂಜೆ ಬಸ್ಸಿಗೆ ಕಾಯುವಾಗ ಅತ್ತೆ ತಾವಾಗಿಯೇ ಬಾಯಿಬಿಟ್ಟರು. "ಚಿಕ್ಕವಳಿದ್ದಾಗ ಮರದ ಕೊಂಬೆಯಿಂದ ನೇರ ಹೊಳೆಗೆ ಹಾರ್ತಿದ್ದೆ ಕಣೇ. ನಿಮ್ಮ ಮಾವಂಗೂ ಗೊತ್ತಿಲ್ಲ."

"ಭಯ ಆಗ್ತಿರ್ಲಿಲ್ವಾ?"

"ಭಯನಾ? ಕೇಳು..."

ಬಸ್ಸು ಬಂತು, ನಿಂತಿತು, ಹೋಯಿತು. ಇಬ್ಬರೂ ಹತ್ತಲಿಲ್ಲ.